ಹೊಗೆಸೊಪ್ಪಿಗೆ ಬೋರ್ಡಿದೆ, ಬೆಳೆಗಾರನಿಗೆ ಲೈಸೆನ್ಸಿದೆ, ಕೂಲಿಯವಳಿಗೆ ಏನಿದೆ?

ನಮ್ಮಲ್ಲಿ ಒಂದು ಕಾರ್ಖಾನೆ ಮುಚ್ಚಿದರೆ ಎರಡು ಲೆಕ್ಕ ಸುದ್ದಿಯಾಗುತ್ತವೆ. ಕಾರ್ಖಾನೆಯ ಸಾಲ ಎಷ್ಟು ಅನ್ನೋದು ಒಂದು. ಅದರ ಜಾಗಕ್ಕೆ ಈಗ ಬೆಲೆ ಎಷ್ಟು ಅನ್ನೋದು ಇನ್ನೊಂದು. ಅಲ್ಲಿ ಕೆಲಸ ಮಾಡುತ್ತಿದ್ದವರು ನಾಳೆಯಿಂದ ಏನು ಮಾಡುತ್ತಾರೆ, ಅದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂಬ ಮೂರನೇ ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ.

ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯನ್ನೇ ತಗೊಳ್ಳಿ. ಹೊರಗಿನವರಿಗೆ ಆ ಊರು ಅಂದರೆ ಕಾವೇರಿಯ ಜಲಪಾತ, ಕೋದಂಡರಾಮ ದೇವಸ್ಥಾನ, ಸಂಕ್ರಾಂತಿ ಹೊತ್ತಿನ ದನಗಳ ಜಾತ್ರೆ. ಸುತ್ತಲಿನ ರೈತರಿಗೆ ಅದು ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು. ಆ ಕಾರ್ಖಾನೆ ವರ್ಷಗಟ್ಟಲೆ ಕಬ್ಬು ಅರೆಯದೆ ನಿಂತಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಮತ್ತೆ ಶುರುಮಾಡುವ ಮಾತು ಬಂತು. ಕೊನೆಗೆ ಸರ್ಕಾರ ಖಾಸಗಿಯವರಿಗೆ ದೀರ್ಘಾವಧಿ ಗುತ್ತಿಗೆ ಕೊಡುವ ದಾರಿ ಹಿಡಿಯಿತು. ಗುತ್ತಿಗೆ ಎಷ್ಟು ವರ್ಷಕ್ಕೆ, ಬಾಕಿ ಎಷ್ಟು, ಯಂತ್ರಗಳ ಕತೆ ಏನು ಅಂತೆಲ್ಲ ಚರ್ಚೆ ಆಯಿತು. ಕಾರ್ಖಾನೆ ನಿಂತಿದ್ದ ಆ ವರ್ಷಗಳಲ್ಲಿ ಬಾಯ್ಲರ್ ನೋಡುತ್ತಿದ್ದವನಿಗೋ, ಗಾಡಿ ತೂಕ ಮಾಡುತ್ತಿದ್ದವನಿಗೋ ಬೇರೆ ಕಸುಬು ಕಲಿಯಲು ಒಂದು ಯೋಜನೆ ಇತ್ತೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅಂಥ ಯೋಜನೆಗೆ ನಮ್ಮ ವ್ಯವಸ್ಥೆಯಲ್ಲಿ ಒಂದು ಖಾತೆಯೇ ಇರಲಿಲ್ಲ.

ಯುರೋಪಿನಲ್ಲಿ ಅಂಥ ಖಾತೆ ಇದೆ. ಅದೇನು ಸ್ವರ್ಗವಲ್ಲ, ಅದರ ತಪ್ಪುಗಳೂ ಈ ಲೇಖನದಲ್ಲಿ ಬರುತ್ತವೆ. ಆದರೆ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಮಟ್ಟಿಗೆ ಆ ಖಾತೆಯ ಕತೆಯನ್ನು ಈಗಲೇ ಓದಿಕೊಳ್ಳಬೇಕಾದ ಕಾರಣ ಒಂದಿದೆ. ಸಕ್ಕರೆ ಕಾರ್ಖಾನೆಗಿಂತ ಎಷ್ಟೋ ಪಟ್ಟು ದೊಡ್ಡದಾದ ಒಂದು ಉದ್ಯೋಗ ಇಲ್ಲಿ ನಿಧಾನಕ್ಕೆ ಬಾಗಿಲ ಕಡೆ ಹೊರಟಿದೆ. ಅದೇ ಹೊಗೆಸೊಪ್ಪು.

ಕಲ್ಲಿದ್ದಲಿನಿಂದ ಶುರುವಾದ ಲೆಕ್ಕ

1951ರಲ್ಲಿ ಪ್ಯಾರಿಸ್ ಒಪ್ಪಂದದ ಮೂಲಕ ಆರು ದೇಶಗಳು ತಮ್ಮ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮಾರುಕಟ್ಟೆಗೆ ತಂದವು. ಒಂದೇ ಮಾರುಕಟ್ಟೆ ಅಂದರೆ ಕೆಲವು ಗಣಿಗಳು ಮುಚ್ಚುವುದು ಖಚಿತ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಮಧ್ಯಂತರ ಭತ್ಯೆ, ಮರುತರಬೇತಿ, ಬೇರೆ ಊರಿಗೆ ಹೋಗಿ ನೆಲೆಸುವ ಖರ್ಚು ಕೊಡುವ ಅವಕಾಶವನ್ನು ಅದೇ ಒಪ್ಪಂದದೊಳಗೆ ಬರೆದುಕೊಂಡರು. 1957ರ ರೋಮ್ ಒಪ್ಪಂದದಲ್ಲಿ ಯುರೋಪಿಯನ್ ಸಾಮಾಜಿಕ ನಿಧಿ ಹುಟ್ಟಿತು. ಈಗ ಅದರ ಹೊಸ ರೂಪಕ್ಕೆ 2021ರಿಂದ 2027ರವರೆಗಿನ ಏಳು ವರ್ಷಗಳಿಗೆ ಸುಮಾರು 9,900 ಕೋಟಿ ಯೂರೋ ಇಟ್ಟಿದ್ದಾರೆ. ಉದ್ಯೋಗ, ಕೌಶಲ, ಬಡತನ ನಿವಾರಣೆ ಎಲ್ಲಕ್ಕೂ ಸೇರಿದ ಹಣ ಅದು.

ನಮ್ಮ ಚರ್ಚೆಗೆ ಹೆಚ್ಚು ಹತ್ತಿರವಾದದ್ದು ಇದಕ್ಕಿಂತ ತುಂಬ ಚಿಕ್ಕದಾದ ಇನ್ನೊಂದು ನಿಧಿ. 2006ರಲ್ಲಿ ಕಾನೂನಾಗಿ 2007ರಿಂದ ಶುರುವಾದ ಜಾಗತೀಕರಣ ಹೊಂದಾಣಿಕೆ ನಿಧಿ. ಇದರ ಕೆಲಸ ಒಂದೇ: ಒಂದು ಕಡೆ ದೊಡ್ಡ ಸಂಖ್ಯೆಯಲ್ಲಿ ಜನ ಕೆಲಸ ಕಳೆದುಕೊಂಡಾಗ ಅವರನ್ನು ಮತ್ತೆ ಕೆಲಸಕ್ಕೆ ಹಚ್ಚುವುದು. ಈಗಿನ ನಿಯಮದಲ್ಲಿ ಒಂದು ಕಂಪನಿ ಮತ್ತು ಅದಕ್ಕೆ ಸಾಮಾನು ಪೂರೈಸುವವರಲ್ಲಿ ನಾಲ್ಕು ತಿಂಗಳೊಳಗೆ 200 ಜನರ ಕೆಲಸ ಹೋದರೆ ಆ ದೇಶ ಅರ್ಜಿ ಹಾಕಬಹುದು. ಒಂದೇ ಪ್ರದೇಶದ, ಒಂದೇ ವಲಯದ ಸಣ್ಣಪುಟ್ಟ ಘಟಕಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕುವುದಕ್ಕೂ ಅವಕಾಶ ಇದೆ. ಖರ್ಚಿನ ಶೇ. 60ರಿಂದ 85ರಷ್ಟನ್ನು ಯುರೋಪಿನ ಬೊಕ್ಕಸ ಕೊಡುತ್ತದೆ, ಉಳಿದದ್ದನ್ನು ಆಯಾ ದೇಶ ಹಾಕಬೇಕು. ಹಣ ಕಂಪನಿಗೆ ಹೋಗುವುದಿಲ್ಲ. ತರಬೇತಿ, ಸಲಹೆ, ಕೆಲಸ ಹುಡುಕುವ ಅವಧಿಯ ಭತ್ಯೆ, ಮನೆಯಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರಿಗೆ ನೆರವು, ಸ್ವಂತ ಅಂಗಡಿ ಅಥವಾ ಸಣ್ಣ ಉದ್ದಿಮೆ ತೆರೆಯುವವರಿಗೆ 22,000 ಯೂರೋವರೆಗೆ ಬಂಡವಾಳ ಅಂತ ಅದು ಕಾರ್ಮಿಕರನ್ನೇ ಮುಟ್ಟಬೇಕು. ಭತ್ಯೆಯ ಪಾಲು ಒಟ್ಟು ಖರ್ಚಿನ ಶೇ. 35 ಮೀರುವಂತಿಲ್ಲ. ಅಂದ್ರೆ ದುಡ್ಡು ಕೊಟ್ಟು ಮನೆಗೆ ಕಳಿಸಿ ಕೈತೊಳೆದುಕೊಳ್ಳಲು ಆಗದಂತೆ ನಿಯಮ ಕಟ್ಟಿದ್ದಾರೆ.

ಇದರ ಅರ್ಥ ಏನು ಎಂದು ತಿಳಿಯಲು ಒಂದೇ ಕಂಪನಿಯ ಎರಡು ಕಾರ್ಖಾನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನೋಕಿಯಾ 2012ರಲ್ಲಿ ಫಿನ್ಲೆಂಡಿನ ಸಾಲೊ ಎಂಬ ಪಟ್ಟಣದಲ್ಲಿದ್ದ ತನ್ನ ಫೋನ್ ಕಾರ್ಖಾನೆಯನ್ನು ಮುಚ್ಚಿತು. ಫಿನ್ಲೆಂಡ್ ಈ ನಿಧಿಗೆ ಅರ್ಜಿ ಹಾಕಿತು. 3,700ಕ್ಕೂ ಹೆಚ್ಚು ಕಾರ್ಮಿಕರ ಮರುತರಬೇತಿ ಮತ್ತು ಹೊಸ ಕೆಲಸಕ್ಕಾಗಿ ಸುಮಾರು 98 ಲಕ್ಷ ಯೂರೋ ಮಂಜೂರಾಯಿತು. ಎರಡು ವರ್ಷದ ನಂತರ, 2014ರ ನವೆಂಬರ್ 1ರಂದು, ಪಕ್ಕದ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ ಅದೇ ನೋಕಿಯಾದ ಕಾರ್ಖಾನೆ ನಿಂತಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಯುವಕ ಯುವತಿಯರು. ಅವರಿಗೆ ಸಿಕ್ಕಿದ್ದು ಸ್ವಯಂ ನಿವೃತ್ತಿಯ ಒಂದು ಮೊತ್ತ. ಇಪ್ಪತ್ತೈದು ವರ್ಷದ ಹುಡುಗಿಗೆ "ನಿವೃತ್ತಿ"! ಕಂಪನಿ ಒಂದೇ, ಮಾಡುತ್ತಿದ್ದ ಕೆಲಸವೂ ಹೆಚ್ಚೂಕಡಿಮೆ ಒಂದೇ. ಬೇರೆಯಾಗಿದ್ದದ್ದು ಅವರ ಹಿಂದೆ ನಿಂತ ಸರ್ಕಾರದ ಲೆಕ್ಕ.

ನಮ್ಮಲ್ಲೂ ಒಂದು ನಿಧಿ ಇತ್ತು

ಭಾರತಕ್ಕೆ ಈ ಆಲೋಚನೆಯೇ ಬಂದಿರಲಿಲ್ಲ ಅಂದುಕೊಳ್ಳಬೇಡಿ. ಯುರೋಪಿನ ಹೊಂದಾಣಿಕೆ ನಿಧಿಗಿಂತ ಹದಿನಾಲ್ಕು ವರ್ಷ ಮೊದಲೇ, ಆರ್ಥಿಕ ಉದಾರೀಕರಣದ ಬೆನ್ನಲ್ಲೇ, 1992ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪಿಸಿತು. ಮುಚ್ಚುವ ಉದ್ದಿಮೆಗಳ ಕಾರ್ಮಿಕರಿಗೆ ಮರುತರಬೇತಿ, ಬೇರೆ ಕಡೆ ಕೆಲಸ, ಹೊಸ ಉದ್ಯೋಗ ಸೃಷ್ಟಿ. ಕಾಗದದ ಮೇಲೆ ಎಲ್ಲವೂ ಇತ್ತು.

ಆದರೆ ಆ ನಿಧಿಯ ಬಹುಪಾಲು ಹಣ ಸಾರ್ವಜನಿಕ ಉದ್ದಿಮೆಗಳಲ್ಲಿ ಸ್ವಯಂ ನಿವೃತ್ತಿ ಕೊಡುವುದಕ್ಕೇ ಖರ್ಚಾಯಿತು. ತರಬೇತಿಗೆ ಉಳಿದದ್ದು ಚೂರುಪಾರು. ಕಾರ್ಮಿಕನಿಗೆ ಹೊಸ ಬಾಗಿಲು ತೆರೆಯಲೆಂದು ಕಟ್ಟಿದ ನಿಧಿ ಅವನನ್ನು ಹಳೆಯ ಬಾಗಿಲಿನಿಂದ ಹೊರಗೆ ಕಳಿಸಲು ಬಳಕೆಯಾಯಿತು. 2000ದ ಹೊತ್ತಿಗೆ ನಿಧಿಯನ್ನೇ ರದ್ದು ಮಾಡಿದರು. ಅದರ ಜಾಗದಲ್ಲಿ 2001-02ರಿಂದ ಸಲಹೆ, ಮರುತರಬೇತಿ, ಮರುನಿಯೋಜನೆ ಎಂಬ ಯೋಜನೆ ಬಂತು. ಅದು ಕೇಂದ್ರ ಸಾರ್ವಜನಿಕ ಉದ್ದಿಮೆಗಳಿಂದ ಹೊರಬಂದವರಿಗೆ ಮಾತ್ರ. ಚುಂಚನಕಟ್ಟೆಯ ಸಹಕಾರಿ ಕಾರ್ಖಾನೆಯ ನೌಕರ ಅದರ ಹತ್ತಿರಕ್ಕೂ ಹೋಗುವಂತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಇದರ ಫಲ ಕಣ್ಣೆದುರೇ ಇದೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ದೇಶಕ್ಕೆ ಚಿನ್ನ ಕೊಟ್ಟ ಊರಿನ ಮಕ್ಕಳು, ಮೊಮ್ಮಕ್ಕಳು ಇವತ್ತು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಹಿಂತಿರುಗುತ್ತಾರೆ. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲು ಗಣಿಗಾರಿಕೆ ನಿಲ್ಲಿಸುವ ತೀರ್ಮಾನವಾದದ್ದು 2007ರಲ್ಲಿ, ಬೊಟ್ರಾಪ್‌ನ ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ನಡುವೆ ಹನ್ನೊಂದು ವರ್ಷ. ಅಷ್ಟು ಕಾಲದಲ್ಲಿ ವಯಸ್ಸಾದವರು ನಿವೃತ್ತರಾದರು, ಕಿರಿಯರು ಬೇರೆ ಕೆಲಸಕ್ಕೆ ಸರಿದರು. ಗಣಿ ಎರಡೂ ಕಡೆ ಮುಚ್ಚಿತು. ಮುಚ್ಚುವ ಮೊದಲು ಜನರಿಗೆ ಸಿಕ್ಕ ಸಮಯ ಒಂದೇ ಆಗಿರಲಿಲ್ಲ. ಮೈಸೂರಿನಲ್ಲೇ 1996ರಲ್ಲಿ ಐಡಿಯಲ್ ಜಾವಾ ಮುಚ್ಚಿತು. ಆ ಬೈಕುಗಳ ಮೇಲಿನ ಪ್ರೀತಿಗೆ ಇವತ್ತಿಗೂ ಸಂಘಗಳಿವೆ, ರ‍್ಯಾಲಿಗಳಿವೆ. ಅವನ್ನು ಜೋಡಿಸಿದ ಕೈಗಳು ಆಮೇಲೆ ಏನು ಮಾಡಿದವು ಅನ್ನೋದಕ್ಕೆ ಯಾವ ರ‍್ಯಾಲಿಯೂ ಇಲ್ಲ.

ಈಗ ಹೊಸ ಕಾನೂನು ಬಂದಿದೆಯಲ್ಲ ಎಂದು ಕೇಳಬಹುದು. ಹೌದು. 2025ರ ನವೆಂಬರ್ 21ರಿಂದ ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ "ಕಾರ್ಮಿಕರ ಮರುಕೌಶಲ ನಿಧಿ" ಎಂಬುದೊಂದಿದೆ. ಕೆಲಸದಿಂದ ತೆಗೆದ ಪ್ರತಿಯೊಬ್ಬ ಕಾರ್ಮಿಕನಿಗೂ ಮಾಲೀಕ ಕೊನೆಯ ಸಂಬಳದ ಹದಿನೈದು ದಿನದ ಮೊತ್ತ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ತಿಂಗಳಿಗೆ 15,000 ರೂ. ಸಂಬಳದವನಿಗೆ ಹೆಚ್ಚೂಕಡಿಮೆ 7,500 ರೂ. ಬರುತ್ತದೆ. ಈ ದುಡ್ಡಿನಲ್ಲಿ ಅವನು ಹೊಸ ಕಸುಬು ಕಲಿಯಬೇಕು, ಕಲಿಯುವಾಗ ಮನೆಯನ್ನೂ ನಡೆಸಬೇಕು! ಇದೇ ಸಂಹಿತೆಯಲ್ಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಜನರನ್ನು ತೆಗೆಯಲು, ಘಟಕ ಮುಚ್ಚಲು ಇದ್ದ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದ್ದಾರೆ. ಮಾಲೀಕನಿಗೆ ದಾರಿ ಅಗಲವಾಯಿತು, ಕಾರ್ಮಿಕನ ಕೈಗೆ ಹದಿನೈದು ದಿನದ ಸಂಬಳ ಬಂತು.

ಅದೂ ಕಾರ್ಖಾನೆ, ಕಂಪನಿಗಳ ಕಾರ್ಮಿಕನಿಗೆ. ಹೊಲದಲ್ಲಿ ಕೂಲಿ ಮಾಡುವವಳ ಹೆಸರು ಅಲ್ಲಿ ಬರುವುದೇ ಇಲ್ಲ. ಹೊಗೆಸೊಪ್ಪಿನ ಪ್ರಶ್ನೆ ಶುರುವಾಗುವುದು ಇಲ್ಲಿಂದ.

ಬ್ಯಾರನ್ನಿನ ಮುಂದೆ ಕೂತವರು ಯಾರು?

ಮೈಸೂರು ಜಿಲ್ಲೆಯ ಈ ಪಶ್ಚಿಮದ ತಾಲ್ಲೂಕುಗಳ ಹಗುರ ಮಣ್ಣಿನಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕಿಗೆ ಹೊರದೇಶಗಳಲ್ಲಿ ಗಿರಾಕಿಗಳಿದ್ದಾರೆ. 1976ರ ಜನವರಿ 1ರಂದು ಶುರುವಾದ ತಂಬಾಕು ಮಂಡಳಿ ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂದು ನಿಗದಿ ಮಾಡುತ್ತದೆ. ಬೆಳೆಗಾರನಿಗೂ ಬ್ಯಾರನ್ನಿಗೂ ಲೈಸೆನ್ಸ್ ಬೇಕು. 1984ರಿಂದ ಕರ್ನಾಟಕದಲ್ಲಿ ಮಂಡಳಿಯೇ ಹರಾಜು ನಡೆಸುತ್ತಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆ, ರಾಮನಾಥಪುರದ ಹರಾಜು ಮಾರುಕಟ್ಟೆಗಳು ಶುರುವಾದರೆ ಈ ಸೀಮೆಯಲ್ಲಿ ದುಡ್ಡು ಓಡಾಡುವ ಕಾಲ ಬಂತು ಅಂತ ಅರ್ಥ. ಇತ್ತೀಚಿನ ವರ್ಷಗಳಲ್ಲಿ ರಾಜ್ಯಕ್ಕೆ ನಿಗದಿಯಾದ ಪ್ರಮಾಣ ಸುಮಾರು 10 ಕೋಟಿ ಕೆಜಿ. 2023-24ರಲ್ಲಿ ಸರಾಸರಿ ಬೆಲೆ ಕೆಜಿಗೆ 250 ರೂ. ದಾಟಿತು.

ಹೊಗೆಸೊಪ್ಪು ರೈತನಿಗೆ ಯಾಕೆ ಬೇಕು ಅನ್ನೋದರಲ್ಲಿ ಗುಟ್ಟೇನಿಲ್ಲ. ಅದಕ್ಕೆ ನಿಶ್ಚಿತ ಮಾರುಕಟ್ಟೆ ಇದೆ, ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೆ, ಮಾರಿದ ದುಡ್ಡು ಖಾತೆಗೆ ಬರುತ್ತದೆ. ರಾಗಿಗೋ ಜೋಳಕ್ಕೋ ಇವು ಮೂರೂ ಒಟ್ಟಿಗೆ ಸಿಗುವುದಿಲ್ಲ. ಶುಂಠಿಯಲ್ಲಿ ಒಂದು ವರ್ಷ ಕೈತುಂಬ ಬರುತ್ತದೆ, ಮರುವರ್ಷ ಕೊಳೆರೋಗಕ್ಕೋ ಬೆಲೆ ಕುಸಿತಕ್ಕೋ ಮನೆಯನ್ನೇ ಅಡ ಇಡುವ ಹಾಗಾಗುತ್ತದೆ.

ಆದರೆ ಈ ಬೆಳೆಯ ಕೆಲಸವೆಲ್ಲ ಲೈಸೆನ್ಸ್ ಇರುವ ರೈತನೊಬ್ಬನದ್ದೇ ಅಲ್ಲ. ಬೇಸಿಗೆಯಲ್ಲಿ ಸಸಿಮಡಿ, ಮೇ ತಿಂಗಳ ಮಳೆಗೆ ನಾಟಿ, ಆಮೇಲೆ ಕಳೆ, ಕುಡಿ ಮುರಿಯುವುದು. ಜುಲೈಯಿಂದ ಎಲೆ ಬಿಡಿಸುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು, ಹಗಲೂ ರಾತ್ರಿ ಬೆಂಕಿ ಕಾಯುವುದು, ಇಳಿಸಿ ದರ್ಜೆವಾರು ಬೇರ್ಪಡಿಸುವುದು, ಬೇಲು ಕಟ್ಟುವುದು. ಇದರಲ್ಲಿ ಎಲೆ ಕಟ್ಟುವ ಮತ್ತು ಬೇರ್ಪಡಿಸುವ ಕೆಲಸಕ್ಕೆ ಹೆಚ್ಚಾಗಿ ಹೆಂಗಸರೇ ಬೇಕು. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗಿ ತಲೆಸುತ್ತು, ವಾಂತಿ ಬರುವುದು ತಂಬಾಕು ಕೂಲಿಗಳಲ್ಲಿ ಲೋಕಕ್ಕೇ ಗೊತ್ತಿರುವ ಕಾಯಿಲೆ. ಹುಣಸೂರು, ಕೋಟೆ ಕಡೆಯ ಎಷ್ಟೋ ಆದಿವಾಸಿ ಕುಟುಂಬಗಳು ಒಂದಷ್ಟು ತಿಂಗಳು ಇಲ್ಲಿ ಹೊಗೆಸೊಪ್ಪಿಗೆ, ಇನ್ನೊಂದಷ್ಟು ತಿಂಗಳು ಕೊಡಗಿನ ಕಾಫಿ ತೋಟಕ್ಕೆ ಹೋಗಿ ವರ್ಷ ಸಾಗಿಸುತ್ತವೆ.

ಮಂಡಳಿಯ ದಾಖಲೆಯಲ್ಲಿ ಬೆಳೆಗಾರನ ಹೆಸರಿದೆ, ಬ್ಯಾರನ್ನಿಗೆ ನಂಬರಿದೆ, ಬೇಲಿಗೆ ತೂಕದ ಲೆಕ್ಕವಿದೆ. ಎಲೆ ಕಟ್ಟಿದವಳ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಬೆಳೆಗಾರರಿಗೆ ಮಂಡಳಿಯ ಕಲ್ಯಾಣ ನಿಧಿ ಇದೆ. ಅದು ಇರಬೇಕಾದ್ದೇ. ಕೂಲಿಯವರಿಗೆ ಅಂಥದ್ದು ಯಾವುದೂ ಇಲ್ಲ.

ಬಿಡಿ ಅನ್ನುವುದು ಸುಲಭ

ಭಾರತ 2004ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಅದರ 17ನೇ ವಿಧಿ ತಂಬಾಕು ಕೆಲಸಗಾರರು, ಬೆಳೆಗಾರರು, ಸಣ್ಣ ಮಾರಾಟಗಾರರು ಎಲ್ಲರಿಗೂ ಬದುಕಲು ಸಾಧ್ಯವಾಗುವ ಪರ್ಯಾಯ ಒದಗಿಸಲು ಹೇಳುತ್ತದೆ. ಪಟ್ಟಿಯಲ್ಲಿ ಕೆಲಸಗಾರರ ಹೆಸರು ಮೊದಲು ಇದೆ. ನಮ್ಮಲ್ಲಿ ಬಂದದ್ದೇನು? 2015-16ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ ಬೆಳೆ ವೈವಿಧ್ಯ ಕಾರ್ಯಕ್ರಮವನ್ನು ಕರ್ನಾಟಕ ಸೇರಿ ಹತ್ತು ತಂಬಾಕು ರಾಜ್ಯಗಳಿಗೆ ವಿಸ್ತರಿಸಿದರು. ಅದು ಬೇರೆ ಬೆಳೆಗೆ ಹೋಗುವ ರೈತನಿಗೆ ನೆರವು ಕೊಡುವ ಕಾರ್ಯಕ್ರಮ. ಜಮೀನಿಲ್ಲದವಳು ಯಾವ ಬೆಳೆಯಿಂದ ಯಾವ ಬೆಳೆಗೆ ಹೋಗಬೇಕು?

ಇನ್ನೊಂದು ಕಡೆ ಸರ್ಕಾರದ ಬಾಯಿಗಳೇ ಎರಡು. ಆರೋಗ್ಯ ಇಲಾಖೆ ತಂಬಾಕು ಬಿಡಿ ಎನ್ನುತ್ತದೆ. ವಾಣಿಜ್ಯ ಸಚಿವಾಲಯದ ಕೆಳಗಿರುವ ಮಂಡಳಿ ರಫ್ತಿನ ದಾಖಲೆಯನ್ನು ಹೆಮ್ಮೆಯಿಂದ ಹೇಳುತ್ತದೆ. ಬ್ರೆಜಿಲ್, ಜಿಂಬಾಬ್ವೆ ಕಡೆ ಬೆಳೆ ಕಡಿಮೆಯಾಗಿ ಬೆಲೆ ಏರಿದರೆ ಹೆಚ್ಚುವರಿ ಸೊಪ್ಪು ಮಾರಲು ದಂಡ ಮಾಫಿ ಸಿಗುತ್ತದೆ. ಬೆಲೆ ಬಿದ್ದರೆ ಅದೇ ಸೊಪ್ಪು ಅಪರಾಧ. ಇಂಥ ಹೊಯ್ದಾಟದಲ್ಲಿ ಯಾವ ರೈತ ತಾನೇ ಹತ್ತು ವರ್ಷದ ಯೋಜನೆ ಹಾಕುತ್ತಾನೆ? ಕೂಲಿಯವರಂತೂ ಮುಂದಿನ ವಾರದ್ದನ್ನೂ ಹಾಕಲಾರರು.

ಯುರೋಪ್ ಈ ದಾರಿಯನ್ನು ನಮಗಿಂತ ಮುಂಚೆ ನಡೆದಿದೆ. ಹೌದು, ಇಟಲಿ, ಗ್ರೀಸ್, ಸ್ಪೇನ್, ಪೋಲೆಂಡ್, ಬಲ್ಗೇರಿಯಾಗಳಲ್ಲೂ ತಂಬಾಕು ಬೆಳೆಯುತ್ತಾರೆ. ಒಂದು ಕಾಲದಲ್ಲಿ ಯುರೋಪಿನ ಒಕ್ಕೂಟ ತನ್ನ ತಂಬಾಕು ಬೆಳೆಗಾರರಿಗೆ ವರ್ಷಕ್ಕೆ ಸುಮಾರು ನೂರು ಕೋಟಿ ಯೂರೋ ಸಬ್ಸಿಡಿ ಕೊಡುತ್ತಿತ್ತು. ಜನರ ಆರೋಗ್ಯಕ್ಕೆ ಹಾಳಾದ ಬೆಳೆಗೆ ಇಷ್ಟು ದುಡ್ಡೇ ಎಂಬ ಟೀಕೆ ಬಲವಾಯಿತು. 1990ರ ದಶಕದಲ್ಲಿ ಸಬ್ಸಿಡಿಯ ಒಂದು ಸಣ್ಣ ಪಾಲನ್ನೇ ಕಡಿದು ತಂಬಾಕು ನಿಧಿ ಕಟ್ಟಿದರು. ಬೆಳೆಯುವ ಕೋಟಾವನ್ನು ರೈತರಿಂದ ಸರ್ಕಾರವೇ ಕೊಂಡುಕೊಂಡಿತು, ಬೇರೆ ಬೆಳೆಗೆ ಹೋಗುವವರಿಗೆ ಆ ನಿಧಿಯಿಂದ ನೆರವು ಹೋಯಿತು. 2004ರ ಸುಧಾರಣೆ 2006ರಿಂದ ಹಂತಹಂತವಾಗಿ ಜಾರಿಯಾಗಿ, 2010ರಿಂದ ತಂಬಾಕು ಬೆಳೆದದ್ದಕ್ಕೆಂದೇ ಕೊಡುತ್ತಿದ್ದ ಹಣ ಪೂರ್ತಿ ನಿಂತಿತು. ಅದರಲ್ಲಿ ಅರ್ಧವನ್ನು ತಂಬಾಕು ಸೀಮೆಗಳ ಗ್ರಾಮೀಣಾಭಿವೃದ್ಧಿಗೆ ತಿರುಗಿಸಿದರು.

ಇದರಲ್ಲಿ ನಾವು ಕಲಿಯಬೇಕಾದ್ದು ಎರಡು. ಒಂದು ಒಳ್ಳೆಯದು: ಬೆಳೆಗೆ ಹೋಗುತ್ತಿದ್ದ ಹಣದಿಂದಲೇ ಬೆಳೆ ಬಿಡುವ ಹಣವನ್ನು ಎತ್ತಿದರು, ಯಾವಾಗ ಏನಾಗುತ್ತದೆ ಎಂದು ವರ್ಷಗಳ ಮೊದಲೇ ಬರೆದುಕೊಟ್ಟರು. ಇನ್ನೊಂದು ಎಚ್ಚರಿಕೆ: ಗ್ರೀಸ್ 2006ರಲ್ಲೇ ಸಹಾಯಧನವನ್ನು ಬೆಳೆಯಿಂದ ಪೂರ್ತಿ ಬಿಡಿಸಿತು. ಹಿಂದಿನ ವರ್ಷಗಳ ಲೆಕ್ಕದ ಮೇಲೆ, ತಂಬಾಕು ಬೆಳೆದರೂ ಬೆಳೆಯದಿದ್ದರೂ, ರೈತನಿಗೆ ಹಣ ಬರತೊಡಗಿತು. ಅಲ್ಲಿ ತಂಬಾಕು ಬೆಳೆ ತೀವ್ರವಾಗಿ ಕುಸಿಯಿತು. ರೈತನಿಗೆ ಪರಿಹಾರ ಇತ್ತು. ಅದೇ ಹೊಲದಲ್ಲಿ ಸೊಪ್ಪು ಬಿಡಿಸುತ್ತಿದ್ದ ಕೂಲಿಯವನಿಗೆ ಹಿಂದಿನ ವರ್ಷಗಳ ಲೆಕ್ಕವೇ ಇರಲಿಲ್ಲ, ಯಾಕೆಂದರೆ ಅವನ ಹೆಸರಲ್ಲಿ ಕೋಟಾ ಇರಲಿಲ್ಲ. ಕಾರ್ಖಾನೆಯ ಕಾರ್ಮಿಕನನ್ನು ಹೆಸರು ಹಿಡಿದು ಹುಡುಕುವ ಯುರೋಪ್ ಕೂಡ ಹೊಲದ ಅಂಚಿಗೆ ಬಂದಾಗ ಜಮೀನಿನ ದಾಖಲೆಯನ್ನೇ ನೋಡಿತು.

ಇನ್ನೊಂದು ವಿಚಿತ್ರವೂ ಇದೆ. ಭಾರತದ ಕಚ್ಚಾ ತಂಬಾಕಿನ ದೊಡ್ಡ ಗಿರಾಕಿಗಳಲ್ಲಿ ಬೆಲ್ಜಿಯಂ ಒಂದು. ತನ್ನ ರೈತನನ್ನು ದುಡ್ಡು ಕೊಟ್ಟು ಈ ಬೆಳೆಯಿಂದ ಬಿಡಿಸಿದ ಮಾರುಕಟ್ಟೆಗೆ ನಮ್ಮ ರೈತರ ಸೊಪ್ಪು ಹೋಗುತ್ತಿದೆ. ಅಲ್ಲಿ ಬೇಡಿಕೆ ಇಳಿದ ದಿನ ಇಲ್ಲಿನ ಕೂಲಿ ನಿಲ್ಲುತ್ತದೆ. ಆ ದಿನಕ್ಕೆ ಅಲ್ಲಿಯ ನಿಧಿ ಇಲ್ಲಿಗೆ ಬರುವುದಿಲ್ಲ.

"ಯುರೋಪ್ ಶ್ರೀಮಂತ, ನಮಗೆ ಆಗಲ್ಲ"

ಈ ಮಾತು ಬಂದೇ ಬರುತ್ತದೆ. ಇದರಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧವನ್ನು ನೋಡೋಣ.

ಮೊದಲಿಗೆ, ಯುರೋಪಿನ ನಿಧಿಯೂ ಎಡವಿದೆ. ಐರ್ಲೆಂಡಿನ ಲಿಮರಿಕ್‌ನಲ್ಲಿ 2009ರಲ್ಲಿ ಡೆಲ್ ಕಂಪನಿ ತನ್ನ ಉತ್ಪಾದನೆಯನ್ನು ಪೋಲೆಂಡಿಗೆ ಸಾಗಿಸಿದಾಗ 1.48 ಕೋಟಿ ಯೂರೋ ಮಂಜೂರಾಯಿತು. ಹಣ ತಡವಾಗಿ ಬಂತು, ಕೋರ್ಸುಗಳ ಕ್ಯಾಲೆಂಡರಿಗೂ ನಿಧಿಯ ಗಡುವಿಗೂ ತಾಳೆಯಾಗಲಿಲ್ಲ, ಒಂದು ಭಾಗ ಖರ್ಚಾಗದೆ ಹಿಂದಕ್ಕೆ ಹೋಯಿತು. ಅರ್ಜಿಯಿಂದ ಹಣ ಕೈಸೇರುವವರೆಗೆ ಸರಾಸರಿ 41 ವಾರ ಹಿಡಿಯುತ್ತಿದೆ ಎಂದು 2013ರಲ್ಲಿ ಯುರೋಪಿನ ಲೆಕ್ಕಪರಿಶೋಧಕರೇ ಟೀಕಿಸಿದರು. ಅರ್ಜಿಗಳು ಕಡಿಮೆ ಬಂದ ಕಾರಣ 2024ರಲ್ಲಿ ಆ ನಿಧಿಯ ವಾರ್ಷಿಕ ಮಿತಿಯನ್ನು 2018ರ ಬೆಲೆಯ ಲೆಕ್ಕದಲ್ಲಿ 18.6 ಕೋಟಿ ಯೂರೋದಿಂದ 3 ಕೋಟಿಗೆ ಇಳಿಸಿದರು. ಮೂರು ಕೋಟಿ ಯೂರೋ ಅಂದರೆ ಒಂದು ಖಂಡದ ಲೆಕ್ಕದಲ್ಲಿ ಚಿಲ್ಲರೆ. ಹಾಗಾಗಿ ಇದು ಶ್ರೀಮಂತಿಕೆಯ ಪ್ರಶ್ನೆ ಅಷ್ಟೇ ಅಲ್ಲ. ಒಂದು ಹೊಣೆಯನ್ನು ಕಾನೂನಿನಲ್ಲಿ ಬರೆದುಕೊಳ್ಳುವ ಪ್ರಶ್ನೆ.

ಎರಡನೆಯದು, ಅಸಂಘಟಿತ ಕೂಲಿಗಳನ್ನು ಪಟ್ಟಿ ಮಾಡಲು ಸಾಧ್ಯವೇ ಇಲ್ಲ ಎಂಬ ವಾದ. ಕಟ್ಟಡ ಕಾರ್ಮಿಕರನ್ನು ಮಾಡಿಲ್ಲವೇ? ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಹಾಕಿ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಅವರನ್ನು ನೋಂದಾಯಿಸುತ್ತಿದೆ. ಬೋಗಸ್ ಕಾರ್ಡುಗಳ ಗಲಾಟೆ ಇದೆ, ಸೌಲಭ್ಯಗಳಲ್ಲಿ ತಡ ಇದೆ, ಆದರೂ ಮೇಸ್ತ್ರಿ ಕೈಕೆಳಗಿನ ಕೂಲಿಗೂ ಒಂದು ಕಾರ್ಡು ಇದೆ. ತಂಬಾಕಿನಲ್ಲೇ ಇದಕ್ಕಿಂತ ಹಳೆಯ ಉದಾಹರಣೆ ಇದೆ. 1976ರ ಕಾನೂನಿನಡಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು, ಬೀಡಿಯ ಮೇಲಿನ ಸೆಸ್‌ನಿಂದ ಮನೆ, ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ನಡೆಯಿತು. ಮನೆಯ ಜಗುಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸಿಗೆ ಗುರುತಿನ ಚೀಟಿ ಕೊಟ್ಟ ದೇಶ ಇದು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನೇ ತೆಗೆದುಹಾಕಿದರು ಅನ್ನೋದು ಬೇರೆ ಮಾತು. ಪಟ್ಟಿ ಮಾಡುವುದು ಗೊತ್ತಿಲ್ಲದೆ ಬಿಟ್ಟದ್ದಲ್ಲ.

ಮೂರನೆಯದು, ಕೌಶಲ ತರಬೇತಿ ಅಂದರೆ ಸರ್ಟಿಫಿಕೇಟು ಹಂಚುವ ದಂಧೆ ಎಂಬ ಅಸಹನೆ. ಓದಿದ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಮೂರು ತಿಂಗಳ ಕೋರ್ಸು, ಒಂದು ಗ್ರೂಪ್ ಫೋಟೊ, ಆಮೇಲೆ ಫೋನೇ ಎತ್ತದ ಸಂಸ್ಥೆ. ಹಾಗಾಗಲು ಒಂದು ಕಾರಣ, ಇಲ್ಲಿ ಯೋಜನೆಗಳು ಮೊದಲು ಕೋರ್ಸನ್ನು ತೀರ್ಮಾನಿಸಿ ಆಮೇಲೆ ಜನರನ್ನು ಹುಡುಕುತ್ತವೆ. ಹೊಂದಾಣಿಕೆ ನಿಧಿಯ ಅರ್ಜಿಯಲ್ಲಿ ಜನ ಯಾರು ಅನ್ನೋದು ಮೊದಲು ಬರುತ್ತದೆ: ಇಂತಿಷ್ಟು ಜನ, ಇಷ್ಟು ವಯಸ್ಸಿನವರು, ಇಷ್ಟು ಓದಿದವರು. ಕೋರ್ಸು ಆಮೇಲಿನದು. ನಮ್ಮ ಯುವನಿಧಿಯನ್ನೇ ನೋಡಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂ., ಹೆಚ್ಚೆಂದರೆ ಎರಡು ವರ್ಷ. ಓದಿ ಕೆಲಸ ಸಿಗದವರಿಗೆ ಅದು ಬೇಕಾದ ಆಸರೆ. ಇಪ್ಪತ್ತು ವರ್ಷ ದುಡಿದು ನಲವತ್ತೈದನೇ ವಯಸ್ಸಿಗೆ ಕೆಲಸ ಕಳೆದುಕೊಂಡವರಿಗೆ ಅಂಥ ಯಾವ ಬಾಗಿಲೂ ಇಲ್ಲ.

ಕೇಳಬೇಕಾದ್ದು ಇಷ್ಟು

ಹೊಗೆಸೊಪ್ಪು ನಾಳೆ ಬೆಳಿಗ್ಗೆಯೇ ನಿಲ್ಲುವುದಿಲ್ಲ. ನಿಲ್ಲಿಸಿ ಎಂದು ಈ ಲೇಖನ ಕೇಳುತ್ತಲೂ ಇಲ್ಲ. ಬೆಲೆ ಚೆನ್ನಾಗಿರುವ ವರ್ಷಗಳೇ ನಿಧಿ ಕಟ್ಟುವ ವರ್ಷಗಳು, ಬೆಲೆ ಬಿದ್ದ ಮೇಲೆ ಕಟ್ಟಲು ಏನೂ ಉಳಿದಿರುವುದಿಲ್ಲ ಅನ್ನುವುದಷ್ಟೇ ವಾದ. ಒಂದು ಸಣ್ಣ ಲೆಕ್ಕ ಹಾಕಿ. ಹರಾಜಿನಲ್ಲಿ ಮಾರಾಟವಾಗುವ ಸೊಪ್ಪಿನ ಮೇಲೆ ಮಂಡಳಿ ಈಗಾಗಲೇ ಸೇವಾ ಶುಲ್ಕ ಪಡೆಯುತ್ತದೆ, ಅಂದರೆ ವಸೂಲಿಯ ವ್ಯವಸ್ಥೆ ಸಿದ್ಧವಿದೆ. ಕೊಳ್ಳುವ ಕಂಪನಿಗಳಿಂದ, ರೈತನ ಬೆಲೆ ಮುಟ್ಟದೆ, ಕೆಜಿಗೆ ಒಂದೇ ಒಂದು ರೂಪಾಯಿ ಹೆಚ್ಚಿಗೆ ಪಡೆದರೂ 10 ಕೋಟಿ ಕೆಜಿಗೆ ವರ್ಷಕ್ಕೆ 10 ಕೋಟಿ ರೂ. ಆಗುತ್ತದೆ. 250 ರೂಪಾಯಿ ಬೆಲೆಯಲ್ಲಿ ಅದು ಶೇ. 0.4. ಸಿಗರೇಟಿನ ಮೇಲಿನ ತೆರಿಗೆಯಿಂದ ಕೇಂದ್ರ ಅಷ್ಟೇ ಮೊತ್ತವನ್ನು ಸೇರಿಸಿದರೆ ದುಪ್ಪಟ್ಟು. ಹತ್ತು ವರ್ಷದಲ್ಲಿ 200 ಕೋಟಿ ರೂ.

ಎರಡನೇ ಬೇಡಿಕೆ ಪಟ್ಟಿಯದು. ಲೈಸೆನ್ಸ್ ನವೀಕರಣದ ಹೊತ್ತಿಗೆ ಪ್ರತಿ ಬ್ಯಾರನ್ನಿನಲ್ಲಿ ದುಡಿದವರ ಹೆಸರನ್ನು ಗ್ರಾಮ ಪಂಚಾಯಿತಿ ಮೂಲಕ ದಾಖಲಿಸಬೇಕು. ರೈತನ ಮೇಲೆ ಹೊಸ ಭಾರ ಹೊರಿಸಲು ಇದು ಬೇಡ. ನಾಳೆ ಬ್ಯಾರನ್ ನಿಂತರೆ ಯಾರಿಗೆ ಏನು ಬೇಕು ಎಂದು ತಿಳಿಯಲು ಬೇಕು.

ಮೂರನೆಯದು ಹಣ ಹೋಗುವ ದಾರಿ. ಇದನ್ನು ಬೆಂಗಳೂರಿನ ಏಜೆನ್ಸಿಗೆ ಕೊಟ್ಟರೆ ಹಳೆಯ ಕತೆಯೇ ಆಗುತ್ತದೆ. ಎಲೆ ಬೇರ್ಪಡಿಸುವುದರಲ್ಲಿ ನುರಿತ ಹೆಂಗಸರಿಗೆ ಹಣ್ಣು, ತರಕಾರಿ, ಶುಂಠಿ ವಿಂಗಡಿಸಿ ಪ್ಯಾಕ್ ಮಾಡುವ ಕೇಂದ್ರಗಳು ಇಲ್ಲೇ ಬರಬಹುದು. ಕೆ.ಆರ್. ನಗರ ಭತ್ತದ ಕಣಜ. ಅಕ್ಕಿ ಗಿರಣಿಗಳ ಯಂತ್ರ ನೋಡಿಕೊಳ್ಳುವ ಕೆಲಸ ಕಲಿಯುವವರು ಇಲ್ಲಿಯೇ ಇದ್ದಾರೆ. ಕಲಿಯುವ ತಿಂಗಳುಗಳಲ್ಲಿ ದಿನಗೂಲಿಗೆ ಸಮನಾದ ಭತ್ಯೆ ಇರಬೇಕು. ಅದಿಲ್ಲದಿದ್ದರೆ ಕೂಲಿ ಬಿಟ್ಟು ಯಾರೂ ತರಬೇತಿಗೆ ಬರುವುದಿಲ್ಲ, ಬರಲಾಗುವುದೂ ಇಲ್ಲ.

ನಾಲ್ಕನೆಯದು ಕಾರ್ಖಾನೆಗಳದು. ಸಹಕಾರಿ ಕಾರ್ಖಾನೆ ಮುಚ್ಚಿದರೆ, ಗುತ್ತಿಗೆಗೆ ಕೊಟ್ಟರೆ, ಹಳೆಯ ಕಾರ್ಮಿಕರ ಬಾಕಿ ಮತ್ತು ಮರುತರಬೇತಿಯ ವೆಚ್ಚ ಗುತ್ತಿಗೆ ಪತ್ರದ ಒಂದು ಷರತ್ತಾಗಬೇಕು. ಯಂತ್ರಗಳ ಪಟ್ಟಿ ಮಾಡುವ ಸರ್ಕಾರಕ್ಕೆ ಮನುಷ್ಯರ ಪಟ್ಟಿ ಮಾಡುವುದು ಕಷ್ಟವಾಗಬಾರದು.

ರೈತ ಸಂಘಟನೆಗಳು ಹೊಗೆಸೊಪ್ಪಿನ ಬೆಲೆಗಾಗಿ ಹರಾಜು ಮಾರುಕಟ್ಟೆಯ ಮುಂದೆ ಕೂರುತ್ತವೆ, ಕೂರಬೇಕು ಕೂಡ. ಆ ಬೇಡಿಕೆ ಪತ್ರದಲ್ಲಿ ಕೂಲಿಯವರ ಹೆಸರಿಗೂ ಒಂದು ಸಾಲು ಬಂದರೆ ಇಷ್ಟು ದಿನ ಎರಡು ಕಡೆ ನಿಂತವರು ಒಂದೇ ಕಡೆ ನಿಲ್ಲುತ್ತಾರೆ. ಈ ತಾಲ್ಲೂಕುಗಳಿಂದ ಮೈಸೂರಿಗೆ, ಬೆಂಗಳೂರಿಗೆ ಓದಲು ಬಂದ ನಿಮ್ಮಲ್ಲಿ ಎಷ್ಟೋ ಜನರ ಫೀಸು ಹೊಗೆಸೊಪ್ಪಿನ ದುಡ್ಡಿನಿಂದ ಬಂದಿದೆ, ಅದರ ಹಿಂದೆ ಲೈಸೆನ್ಸ್ ಇಲ್ಲದ ಕೈಗಳೂ ಇದ್ದವು. ಮುಂದಿನ ಸಲ ಶಾಸಕರೋ ಸಂಸದರೋ ಊರಿಗೆ ಬಂದಾಗ ಬೆಲೆ ಎಷ್ಟು ಎಂಬ ಪ್ರಶ್ನೆಯ ಜೊತೆಗೆ, ಸೊಪ್ಪು ನಿಂತರೆ ಕಟ್ಟುವವರಿಗೆ ಏನು ಇಟ್ಟಿದ್ದೀರಿ ಎಂದೂ ಕೇಳಿ. ಉತ್ತರ ಇರುವುದಿಲ್ಲ. ಪ್ರಶ್ನೆ ದಾಖಲಾಗಲಿ, ಬಜೆಟ್ಟಿನ ಸಾಲುಗಳು ಹುಟ್ಟುವುದು ಅಲ್ಲಿಂದಲೇ.